ಅರೆಗೋಡೆ ಮೇಸ್ತ್ರಿಯ ತಡೆಯಾಜ್ಞೆ

ಊರಿನ ಗೋಡೆಗಳಿಗೆಲ್ಲ ಬಣ್ಣ ಬಳಿಯುವ ಮನುಷ್ಯನ ಮನೆಯ ಗೋಡೆಗೇ ಬಣ್ಣವಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವರ ಕಾಲದಲ್ಲೂ ಇಂಥವನೇ ಒಬ್ಬ ಪೇಂಟರ್ ಮೇಸ್ತ್ರಿ ಇದ್ದಿರಬೇಕು. ನಮ್ಮ ಮೇಸ್ತ್ರಿ ಬೆಳಿಗ್ಗೆ ಎದ್ದರೆ ಯಾರದೋ ಆಸ್ಪತ್ರೆಯ ಗೋಡೆ, ಯಾವುದೋ ಶಾಲೆಯ ಕಿಟಕಿ, ಯಾರದೋ ಮನೆಯ ಹೊಸ ಸೊಸೆ ಬರುವ ಕೋಣೆ. ಸಂಜೆ ಕಿವಿಯ ಹಿಂದೆ ಗುಲಾಬಿ ಚುಕ್ಕೆ, ಹುಬ್ಬಿನ ಮೇಲೆ ಬಿಳಿ ಚುಕ್ಕೆ ಹೊತ್ತುಕೊಂಡು ಮೂರು ಮಹಡಿ ಹತ್ತಿ ಮನೆಗೆ ಬಂದರೆ, ಹಾಲ್‌ನ ದೊಡ್ಡ ಗೋಡೆ ಹಳೇ ಹಲ್ಲಿನ ಬಣ್ಣದಲ್ಲಿ ಅವನನ್ನೇ ನೋಡುತ್ತ ನಿಂತಿರುತ್ತಿತ್ತು. ಅವನು ಅದಕ್ಕೆ ಬೆನ್ನು ಹಾಕಿ ಕೂತು ಊಟ ಮಾಡುತ್ತಿದ್ದ.

ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಮದುವೆಯಾದ ಹೊಸದರಲ್ಲಿ ಅವಳು ಗಂಡನನ್ನು ಕೇಳಿದ್ದು ಒಂದೇ ಒಂದು: ಆ ದೊಡ್ಡ ಗೋಡೆಗೆ ನೀಲಿ ಬಣ್ಣ. ಯಾವ ನೀಲಿ ಎಂದರೆ ಅಂಗಡಿಯವರು ತೋರಿಸುವ ಯಾವ ನೀಲಿಯೂ ಅಲ್ಲ. ಬಿಳಿ ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಅದು ಬಕೆಟ್ಟಿನ ನೀರಿಗೆ ಬಿದ್ದು, ಇನ್ನೇನು ಪೂರ್ತಿ ಕರಗಬೇಕು ಅನ್ನುವಾಗ ಒಂದು ಗಳಿಗೆ ಕಾಣುತ್ತದಲ್ಲ, ಆ ನೀಲಿ. ಮೇಸ್ತ್ರಿ ಅದಕ್ಕೇನಂತೆ, ಮುಂದಿನ ತಿಂಗಳು ಹಚ್ಚಿಬಿಡುತ್ತೇನೆ ಅಂದ. ಮಗಳು ಹುಟ್ಟಿದಳು, ಓದಿದಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ಮುಂದಿನ ತಿಂಗಳು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಬಿಲ್ಡರ್ ಬಂದ. ನಾಲ್ಕು ಮಹಡಿಯ ಆ ಹಳೇ ಕಟ್ಟಡವನ್ನು ಒಡೆದು ಅದೇ ಜಾಗದಲ್ಲಿ ಮುಗಿಲು ಮುಟ್ಟುವಂಥದ್ದನ್ನು ಕಟ್ಟುತ್ತೇನೆ, ಈಗಿರುವವರಿಗೆಲ್ಲ ಅದರಲ್ಲಿ ಹೊಸ ಮನೆ ಎಂದ. ಗಾಜಿನ ಪೆಟ್ಟಿಗೆಯಲ್ಲಿ ಆಟಿಕೆಯಂಥ ಕಟ್ಟಡವನ್ನು ತಂದು ತೋರಿಸಿದ. ಅದರ ಸುತ್ತ ಉಗುರಿನಷ್ಟು ಮರಗಳು, ಅಕ್ಕಿಕಾಳಿನಷ್ಟು ಮನುಷ್ಯರು. ಜನ ಮುಗಿಬಿದ್ದು ಅದರಲ್ಲಿ ತಮ್ಮನ್ನು ಹುಡುಕಿಕೊಂಡರು. ಅರ್ಧ ಜನ ಸಹಿ ಹಾಕಿದರು. ಉಳಿದ ಅರ್ಧ ಜನ, ಹೊಸ ಮನೆಯಲ್ಲಿ ಬಾಲ್ಕನಿಯನ್ನೂ ಗೋಡೆಯ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿದ್ದಾರೆ, ಉಳಿಯುವುದು ಕಾಲು ಚಾಚುವಷ್ಟೂ ಇಲ್ಲ ಎಂದು ತಗಾದೆ ತೆಗೆದರು. ಬಿಲ್ಡರ್ ಖಾಲಿ ಮಾಡಿ ಎಂದು ನೋಟಿಸು ಕಳಿಸಿದ, ಇವರು ಕೋರ್ಟಿಗೆ ಹೋದರು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುವ ಗಾದೆ ಎಲ್ಲರಿಗೂ ಗೊತ್ತಿತ್ತು. ಆದರೆ ಗಾದೆ ಗೊತ್ತಿದೆ ಎಂದು ಯಾರಾದರೂ ಜಗಳ ಬಿಟ್ಟದ್ದುಂಟೇ?

ಮೇಸ್ತ್ರಿಗೆ ಈ ಗಲಾಟೆಯಿಂದ ಹಾಲು ಕುಡಿದಷ್ಟು ಸಂತೋಷವಾಯಿತು. ಒಡೆಯುವ ಮನೆಗೆ ಯಾರಾದರೂ ಬಣ್ಣ ಹಚ್ಚುತ್ತಾರೆಯೇ ಎಂದು ಒಂದು ಸಂಜೆ ಬಾಯಿ ಜಾರಿ ಹೇಳಿಬಿಟ್ಟ. ಹೆಂಡತಿ ಜಗಳವಾಡಲಿಲ್ಲ. ಮಾತನ್ನೇ ನಿಲ್ಲಿಸಿದಳು. ಬಡಿಸಿದಳು, ಬಟ್ಟೆ ಮಡಿಸಿದಳು, ಲಾಂಡ್ರಿಗೆ ಹೋದಳು, ಬಂದಳು, ಒಂದು ಅಕ್ಷರ ಆಡಲಿಲ್ಲ. ಬೈಯುವ ಹೆಂಡತಿಯನ್ನು ಹೇಗೋ ಸಂಭಾಳಿಸಬಹುದು. ಸುಮ್ಮನಿರುವವಳ ಮುಂದೆ ಗಂಡಸು ಎಷ್ಟು ದಿನ ತಾನೆ ನಿಂತಾನು? ಒಂದು ವಾರ ಕಳೆಯುವಷ್ಟರಲ್ಲಿ ಮೇಸ್ತ್ರಿ ಕೆಲಸಕ್ಕೆ ರಜಾ ಹಾಕಿ, ಗೋಡೆಗೆ ಉಪ್ಪುಕಾಗದ ತಿಕ್ಕಿ, ಪುಟ್ಟಿ ಮೆತ್ತಿ, ಪ್ರೈಮರ್ ಹೊಡೆದ. ಬಕೆಟ್ಟಿನಲ್ಲಿ ನೀಲಿ ಕರಗಿಸಿ ಪಕ್ಕದಲ್ಲಿಟ್ಟುಕೊಂಡು, ಡಬ್ಬದಲ್ಲಿ ಬಣ್ಣ ಬೆರೆಸುತ್ತ ಬೆರೆಸುತ್ತ ಕೊನೆಗೂ ಆ ಗಳಿಗೆಯ ನೀಲಿಯನ್ನು ಹಿಡಿದ. ಹೆಂಡತಿ ಡಬ್ಬದೊಳಗೆ ಇಣುಕಿ, ಹೂಂ ಅಂದಳು. ಎಂಟು ದಿನದ ನಂತರ ಅವಳು ಆಡಿದ ಮೊದಲ ಮಾತು ಅದು.

ಅದೇ ಹೊತ್ತಿಗೆ ಅವಳ ತಮ್ಮ ಬಂದಿದ್ದ. ಅವನು ಟೈಪಿಂಗ್ ಕಲಿಸುತ್ತಿದ್ದವನು. ಕಲಿಯುವವರಿಲ್ಲದೆ ಇನ್‌ಸ್ಟಿಟ್ಯೂಟು ಮುಚ್ಚಿ, ಅದರ ಹಿಂದೆ ಅವನಿದ್ದ ಕೋಣೆಯೂ ಹೋಗಿತ್ತು. ಎರಡು ದಿನ ಇದ್ದು ಹೋಗುತ್ತೇನೆ ಎಂದು ಒಂದು ಟ್ರಂಕು ಹಿಡಿದು ಬಂದವನು, ಭಾವ ಏಣಿಯ ಮೇಲೆ ನಿಂತು ಬಣ್ಣ ಬಳಿಯುವುದನ್ನು ದಿವಾನದ ಮೇಲೆ ಮಲಗಿ, ಪೇಪರಿನ ಅಂಚಿನಿಂದ ನೋಡುತ್ತಿದ್ದ. ಗೋಡೆ ಸರಿಯಾಗಿ ಅರ್ಧ ನೀಲಿಯಾಗಿತ್ತು. ಆಗ ಮೆಟ್ಟಿಲ ಮೇಲೆ ಸೀಟಿ ಕೇಳಿಸಿತು.

ಸೀಟಿ ಊದಿದವರು ಡ್ರಿಲ್ ಮೇಷ್ಟ್ರು. ಶಾಲೆಯಲ್ಲಿ ಜೀವಮಾನವಿಡೀ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದವರು, ಈಗ ನಿವಾಸಿಗಳ ಸಂಘದ ಅಧ್ಯಕ್ಷರು. ಸೀಟಿ ಇನ್ನೂ ಕೊರಳಲ್ಲೇ ಇತ್ತು. ಕೋರ್ಟು ಅವತ್ತು ಯಥಾಸ್ಥಿತಿ ಕಾಪಾಡಿ ಎಂದು ತಡೆಯಾಜ್ಞೆ ಕೊಟ್ಟಿತ್ತು. ಆ ಆಜ್ಞೆಯ ಅರ್ಥವೇನೆಂದು ಮೇಷ್ಟ್ರು ವಕೀಲರನ್ನು ಕೇಳಲಿಲ್ಲ, ಯಾಕೆಂದರೆ ಅವರಿಗೆ ಗೊತ್ತಿತ್ತು.

"ಮೇಸ್ತ್ರಿ, ಕೈ ಹಾಗೇ ನಿಲ್ಸಿ," ಎಂದರು. "ಯಥಾಸ್ಥಿತಿ ಅಂದ್ರೆ ಇದ್ದದ್ದು ಇದ್ದ ಹಾಗೆ. ಸೀಟಿ ಊದಿದ ಮೇಲೆ ಮೈದಾನದಲ್ಲಿ ಯಾರೂ ಅಲ್ಲಾಡೋ ಹಾಗಿಲ್ಲ."

ಈ ಗೋಡೆ ಒಂದು ಮುಗಿಸಿಬಿಡುತ್ತೇನೆ ಎಂದು ಮೇಸ್ತ್ರಿ ಬೇಡಿಕೊಂಡ. ನಿಮ್ಮೊಬ್ಬರ ಗೋಡೆಗೋಸ್ಕರ ಇಡೀ ಕಟ್ಟಡದ ಕೇಸು ಬಿದ್ದುಹೋದರೆ ಯಾರು ಹೊಣೆ ಎಂದು ಮೇಷ್ಟ್ರು ಕೇಳಿದರು. ಮರುದಿನವೇ ಕೋರ್ಟು ಕಳಿಸಿದ ಒಬ್ಬ ಎಳೇ ವಕೀಲ ಕ್ಯಾಮೆರಾ ಹಿಡಿದು ಬಂದ. ಇದ್ದದ್ದನ್ನೆಲ್ಲ ಇದ್ದ ಹಾಗೆ ಬರೆದುಕೊಂಡು ಹೋಗುವುದು ಅವನ ಕೆಲಸ. ಬಿರುಕುಗಳ ಫೋಟೋ ತೆಗೆದ, ಎರಡನೇ ಮಹಡಿಯ ಸೋರುವ ನಲ್ಲಿಯ ಫೋಟೋ ತೆಗೆದ, ಅರ್ಧ ನೀಲಿ ಗೋಡೆ, ಅದಕ್ಕೊರಗಿದ ಏಣಿ, ದಿವಾನದ ಮೇಲೆ ಒಂದು ಕಾಲು ಮಡಿಸಿ ಪೇಪರ್ ಹಿಡಿದು ಮಲಗಿದ ಭಾವಮೈದುನ, ಎಲ್ಲವೂ ಫೋಟೋದಲ್ಲಿ ಬಂದವು. ಹೀಗೆ ಎರಡು ದಿನದ ನೆಂಟ ಕೋರ್ಟಿನ ಕಡತದಲ್ಲಿ ಶಾಶ್ವತ ನಿವಾಸಿಯಾದ.

ಮೊದಮೊದಲು ಜನ ಇದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಆದರೆ ಕೆಳಗಿನ ಮನೆಯವಳು ಹೂಕುಂಡವನ್ನು ಬಾಗಿಲ ಎಡದಿಂದ ಬಲಕ್ಕಿಟ್ಟಳು. ಬಿಲ್ಡರನ ವಕೀಲ ಅದನ್ನೂ ಒಂದು ದೂರು ಮಾಡಿ ಕೋರ್ಟಿಗೆ ಕೊಟ್ಟ. ಅವತ್ತೇ ಕೇಸು ಆರು ತಿಂಗಳು ಮುಂದಕ್ಕೆ ಹೋಯಿತು. ಜಡ್ಜಿಗೆ ಹಲ್ಲುನೋವಿತ್ತು, ಅದಕ್ಕೇ ಮುಂದೆ ಹಾಕಿದ್ದು ಎಂದು ಕೋರ್ಟಿನ ಜವಾನನೇ ಹೇಳಿದರೂ ಯಾರು ಕೇಳುತ್ತಾರೆ? ಹೂಕುಂಡ ಎಡಕ್ಕೆ ಬಂತು. ಅಲ್ಲಿಂದ ಮುಂದೆ ಕಟ್ಟಡ ಕಲ್ಲಾಗಿ ನಿಂತಿತು.

ಮೇಷ್ಟ್ರು ಫೋಟೋಗಳ ಪ್ರತಿ ಹಿಡಿದು ಮಹಡಿ ಮಹಡಿಗೂ ತಿರುಗತೊಡಗಿದರು. ಕಿತ್ತುಹೋದ ಮೆಟ್ಟಿಲು ಕಿತ್ತುಹೋದಂತೆಯೇ ಇರಬೇಕು. ಹರಿದ ಪರದೆ ಇನ್ನಷ್ಟು ಹರಿಯಬಾರದು. ಎರಡನೇ ಮಹಡಿಯ ನಲ್ಲಿಯದು ದೊಡ್ಡ ಕಥೆ. ಅದು ವರ್ಷಗಟ್ಟಲೆ ಸೋರಿ, ಕಿಲುಬು ಕಟ್ಟಿ, ಒಂದು ದಿನ ತಾನಾಗಿಯೇ ನಿಂತುಬಿಟ್ಟಿತು. ಮೇಷ್ಟ್ರು ಓಡಿಬಂದು ಫೋಟೋ ಹಿಡಿದು ನೋಡಿದರು. ಪ್ಲಂಬರನ್ನು ಕರೆಸಿದರು. ಅವನು ಕೈಯಲ್ಲಿ ಪಾನಾ ಹಿಡಿದು ನಿಂತು, ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡು, ಕೊನೆಗೆ ನಲ್ಲಿ ಸೋರುವಂತೆ ಮಾಡಿ ಕೊಟ್ಟ. ಹೋಗುವಾಗ ನಾಳೆಯಿಂದ ಈ ಕಟ್ಟಡಕ್ಕೆ ತನ್ನನ್ನು ಕರೆಯಬೇಡಿ ಎಂದು ಕೈ ಮುಗಿದನಂತೆ. ಕೆಳಗಿನ ಮನೆಯವಳಿಗೆ ಮಗು ಹುಟ್ಟಿದಾಗಲೂ ಮೇಷ್ಟ್ರು ತೊಟ್ಟಿಲಿನ ಮುಂದೆ ಫೋಟೋ ಹಿಡಿದು ಬಹಳ ಹೊತ್ತು ಯೋಚಿಸಿದರು. ತಡೆಯಾಜ್ಞೆ ಬಂದಾಗ ಮಗು ಹೊಟ್ಟೆಯಲ್ಲಿತ್ತು, ಆದ್ದರಿಂದ ಕಟ್ಟಡದೊಳಗೇ ಇತ್ತು ಎಂದು ತೀರ್ಮಾನಿಸಿದ ಮೇಲೆಯೇ ಅವರು ಅದಕ್ಕೆ ಗಿಲಕಿ ಆಡಿಸಿದ್ದು. ಆ ಮಗು ನಡೆಯಲು ಕಲಿತು, ಶಾಲೆಗೆ ಸೇರಿ, ಮಗ್ಗಿ ಹೇಳುವಂತಾದರೂ ಕೇಸು ಅಲ್ಲೇ ಇತ್ತು.

ಮೇಸ್ತ್ರಿಯ ಏಣಿ ಹಾಲ್‌ನಲ್ಲಿ ಸಾಮಾನಿನೊಂದಿಗೆ ಸಾಮಾನಾಯಿತು. ಅದರ ಮೇಲೆ ಟವೆಲು ಒಣಗಿದವು. ಕೆಲಸಕ್ಕೆ ಹೋಗಲು ಅವನು ಬೇರೆ ಏಣಿ ಕೊಳ್ಳಬೇಕಾಯಿತು. ಊರಿಗೆಲ್ಲ ವಿಷಯ ಗೊತ್ತಾಗಿ ಅವನಿಗೆ ಅರೆಗೋಡೆ ಮೇಸ್ತ್ರಿ ಎಂಬ ಹೆಸರು ಬಿತ್ತು. ಹೊಸ ಗಿರಾಕಿಗಳು, ಪೂರ್ತಿ ಮಾಡುತ್ತೀಯಲ್ಲಪ್ಪಾ, ಮಧ್ಯೆ ನಿಲ್ಲಿಸುವುದಿಲ್ಲ ತಾನೆ ಎಂದು ಕೇಳಿಯೇ ಕೆಲಸ ಕೊಡುತ್ತಿದ್ದರು. ಮೂವತ್ತು ವರ್ಷ ಬಣ್ಣ ಬಳಿದವನಿಗೆ ಇದಕ್ಕಿಂತ ಅವಮಾನ ಬೇಕೆ?

ಅವಮಾನ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಆ ಗೋಡೆ. ಮುಂಚೆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದವನು ಈಗ ಅದಕ್ಕೆ ಮುಖ ಮಾಡಿ ಕೂರುತ್ತಿದ್ದ. ನೀಲಿ ಎಲ್ಲಿ ನಿಂತಿತ್ತೋ ಅಲ್ಲಿ ಕೊನೆಯ ಬ್ರಷ್ಷಿನ ಗೆರೆಗಳು ಎಳೆ ಎಳೆಯಾಗಿ ಉಳಿದಿದ್ದವು. ಅವನ್ನು ಕಂಡಾಗೆಲ್ಲ ಅವನ ಮಣಿಕಟ್ಟಿನಲ್ಲಿ ನವೆಯಾಗುತ್ತಿತ್ತು. ಹೆಂಡತಿ ಇಷ್ಟು ವರ್ಷ ಕಾದು, ಅರ್ಧ ಪಡೆದಳಲ್ಲ ಎಂದು ಕೊರಗುತ್ತಿದ್ದ. ವಿಚಿತ್ರವೆಂದರೆ ಅವಳು ಈಗ ಗೋಡೆಯ ಮಾತೇ ಎತ್ತುತ್ತಿರಲಿಲ್ಲ. ಎಂಥ ತಾಳ್ಮೆ ಇವಳದು ಎಂದುಕೊಂಡು ಅವನು ಇನ್ನಷ್ಟು ಕುಗ್ಗುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ತಡೆಯಲಾರದೆ, ಬೆರಳಗಲದಷ್ಟು ನೀಲಿಯನ್ನು ಮುಂದೆ ಸರಿಸಿದ. ಹೆಂಡತಿ ಏನಾದರೂ ಒಂದು ಮಾತು ಹೇಳಿಯಾಳೆಂದು ಕಾದ. ಹೇಳಿದ್ದು ಡ್ರಿಲ್ ಮೇಷ್ಟ್ರು. ಫೋಟೋವನ್ನು ಗೋಡೆಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಪತ್ತೆ ಹಚ್ಚಿಬಿಟ್ಟರು. ಆ ಬೆರಳಗಲವನ್ನು ಮತ್ತೆ ಹಳೆಯ ಬಣ್ಣಕ್ಕೆ ತರಬೇಕೆಂದು ಆಜ್ಞೆಯಾಯಿತು. ಮೇಸ್ತ್ರಿ ಕೂತು ಹಳೇ ಹಲ್ಲಿನ ಬಣ್ಣ ಬೆರೆಸಿದ. ಅದಕ್ಕೆ ಒಂದಿಷ್ಟು ಹೊಗೆಯ ಕಪ್ಪು, ಒಂದಿಷ್ಟು ಎಣ್ಣೆಜಿಡ್ಡು ಸೇರಿಸಿ, ಕೊಳೆಯನ್ನೇ ಕೊಳೆಯಂತೆ ಬಳಿದ. ಎಲ್ಲಿ ಬಳಿದಿದ್ದಾನೆ ಎಂದು ಮೇಷ್ಟ್ರಿಗೂ ಗೊತ್ತಾಗಲಿಲ್ಲ. ಅವನ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ. ಅದನ್ನು ಮುಗಿಸಿ ಅವನು ಬ್ರಷ್ಷು ಹಿಡಿದು ಕೂತುಬಿಟ್ಟಾಗ ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ದಿವಾನದ ಕಡೆ ಒಮ್ಮೆ ನೋಡಿ, ಮುಚ್ಚಿಕೊಂಡಳು.

ದಿವಾನದ ಮೇಲಿನ ಭಾವಮೈದುನನದು ಬಿಸಿತುಪ್ಪದ ಸಂಗತಿ; ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ಹಗಲು ಅವನು ಎಲ್ಲಿ ಬೇಕಾದರೂ ತಿರುಗಬಹುದಿತ್ತು. ಆದರೆ ಬಿಲ್ಡರನ ಕಡೆಯವರು ನೋಡಿಕೊಂಡು ಹೋಗಲು ಬಂದರೆ ಮೇಷ್ಟ್ರು ಕೆಳಗಿನಿಂದಲೇ ಸೀಟಿ ಊದುತ್ತಿದ್ದರು. ಆಗ ಅವನು ಎಲ್ಲಿದ್ದರೂ ಓಡಿ ಬಂದು, ಒಂದು ಕಾಲು ಮಡಿಸಿ, ಅದೇ ಹಳೇ ಪೇಪರನ್ನು ಹಿಡಿದು ಮಲಗಬೇಕು. ಆ ಪೇಪರಿನ ಸುದ್ದಿಯೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ವರ್ತಮಾನವಾಗಿದ್ದ ಮಂತ್ರಿ ಅಷ್ಟರಲ್ಲಿ ಸತ್ತು, ಅವನ ಮಗನೂ ಮಂತ್ರಿಯಾಗಿ ಇಳಿದಿದ್ದ. ಭಾವನ ಎದುರು ಭಾವಮೈದುನ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಸಂಜೆ ಮೇಸ್ತ್ರಿ ಬಂದು ಮೂಲೆಗೆ ಎಸೆದ ಬ್ರಷ್ಷುಗಳನ್ನು ಯಾರೂ ಹೇಳದೆ ಸೀಮೆಎಣ್ಣೆಯಲ್ಲಿ ತೊಳೆದು, ಕೂದಲು ಬಾಚಿದ ಹಾಗೆ ಬಾಚಿ, ಮೊಳೆಗೆ ತೂಗುಹಾಕುತ್ತಿದ್ದ. ಬ್ರಷ್ಷುಗಳು ಬೆಳಿಗ್ಗೆ ತಾವೇ ಶುಭ್ರವಾಗುತ್ತವೆ ಎಂದು ಮೇಸ್ತ್ರಿ ತಿಳಿದಿದ್ದನೋ ಏನೋ. ಅದರ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ.

ಅಂತೂ ಇಂತೂ ಕೇಸು ಕೊನೆಯ ವಿಚಾರಣೆಗೆ ಬಂತು. ಬಿಲ್ಡರನ ವಕೀಲ ಎದ್ದು, ಸ್ವಾಮಿ, ಈ ಕಟ್ಟಡ ಹಾಳಾಗಲು ನಿವಾಸಿಗಳೇ ಕಾರಣ, ಇವರಿಗೆ ಮನೆ ಇಟ್ಟುಕೊಳ್ಳಲು ಬರುವುದಿಲ್ಲ, ನೋಡಿ ಎಂದು ಫೋಟೋಗಳನ್ನು ಮುಂದಿಟ್ಟ. ಸೋರುವ ನಲ್ಲಿ, ಕಿತ್ತ ಮೆಟ್ಟಿಲು, ಅರ್ಧ ಬಣ್ಣದ ಗೋಡೆ. ಆಗ ಇದ್ದದ್ದು ಈಗಲೂ ಹಾಗೇ ಇದೆ ಎಂದ. ಇಷ್ಟು ವರ್ಷ ಜೀವ ತೇದು ಕಾಪಾಡಿದ್ದೆಲ್ಲ ತಮ್ಮ ಮೇಲೇ ತಿರುಗಿಬಿದ್ದದ್ದನ್ನು ಕಂಡು ಡ್ರಿಲ್ ಮೇಷ್ಟ್ರು ನಿಂತಲ್ಲೇ ಸಾವಧಾನ್ ಆದರು. ಜಡ್ಜಿ ಈಗ ಬೇರೆಯವರು, ವಯಸ್ಸಾದ ಹೆಂಗಸು. ಆ ಗೋಡೆಯವರು ಯಾರು ಎಂದು ಕೇಳಿ ಮೇಸ್ತ್ರಿಯನ್ನು ಮುಂದೆ ಕರೆದರು.

"ನೀವು ಪೇಂಟರ್ ಅಂತೀರಿ. ನಿಮ್ಮ ಗೋಡೆ ಯಾಕ್ರೀ ಹೀಗಿದೆ?"

"ತಮ್ಮ ಆರ್ಡರ್, ಅಮ್ಮಾ."

"ಕಟ್ಟಡ ಒಡೀಬೇಡಿ, ಇರೋರನ್ನ ಹೊರಗೆ ಹಾಕ್ಬೇಡಿ ಅಂದಿದ್ದು ಕೋರ್ಟು. ಬಣ್ಣ ಹಚ್ಬೇಡಿ ಅಂತ ನಿಮಗೆ ಯಾರು ಹೇಳಿದ್ರು?"

ಮೇಸ್ತ್ರಿ ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಫ್ಯಾನನ್ನು ನೋಡಿದರು. ನಿವಾಸಿಗಳ ವಕೀಲರು ತಮ್ಮ ಕೋಟಿನ ಗುಂಡಿಯನ್ನು ನೋಡಿಕೊಂಡರು. ಜಡ್ಜಿಯಮ್ಮ ಕಡತವನ್ನು ಮುಖಕ್ಕೆ ಅಡ್ಡ ಹಿಡಿದರು, ಅವರ ಹೆಗಲು ಕುಣಿಯುತ್ತಿದ್ದದ್ದು ಮಾತ್ರ ಎಲ್ಲರಿಗೂ ಕಂಡಿತು. ಕಡೆಗೆ ತೀರ್ಪಾಯಿತು: ಕಟ್ಟಡ ಶಿಥಿಲವಾಗಿದೆ, ಒಡೆಯಲೇಬೇಕು, ಬಿಲ್ಡರ್ ಹೇಳಿದಷ್ಟು ಅಗಲದ ಮನೆಯನ್ನು, ಗೋಡೆಯ ದಪ್ಪ ಬಿಟ್ಟು, ಕೊಡಲೇಬೇಕು, ಅಲ್ಲಿಯವರೆಗಿನ ಬಾಡಿಗೆಯೂ ಅವನದೇ. ಒಂದೂವರೆ ತಿಂಗಳಲ್ಲಿ ಎಲ್ಲರೂ ಖಾಲಿ ಮಾಡಬೇಕು. ಗೆದ್ದೆವೋ ಸೋತೆವೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಹೊರಗೆ ಬಂದರು.

ಮೇಸ್ತ್ರಿ ಮೆಟ್ಟಿಲು ಹತ್ತಿದ್ದು ನೇಣಿಗೆ ಹೋಗುವವನ ಹಾಗೆ. ಹಚ್ಚಬಹುದಿತ್ತು. ಇಷ್ಟು ವರ್ಷವೂ ಹಚ್ಚಬಹುದಿತ್ತು. ಇದನ್ನು ಅವಳಿಗೆ ಯಾವ ಬಾಯಿಂದ ಹೇಳುವುದು? ಹೆಂಡತಿ ಅವನದೇ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಒದರಿಬಿಟ್ಟ. ಅವಳು ಕಾಲರನ್ನು ತಿರುಗಿಸಿ ಹಾಕಿದಳು.

"ಗೊತ್ತು," ಎಂದಳು.

ಏನು ಗೊತ್ತು ಎಂದು ಕೇಳಿದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೇಳಿದಳು. ಮೊದಲ ವರ್ಷವೇ, ಸಂಘದ ವಕೀಲರು ತಮ್ಮ ಕರಿ ಕೋಟು ತೆಗೆದುಕೊಂಡು ಹೋಗಲು ಲಾಂಡ್ರಿಗೆ ಬಂದಿದ್ದರು. ಇವಳು ಗೋಡೆಯ ವಿಷಯ ಕೇಳಿದ್ದಳು. ಅವರು ನಕ್ಕು, ಬಣ್ಣಕ್ಕೂ ಕೇಸಿಗೂ ಏನಮ್ಮಾ ಸಂಬಂಧ, ನಾನೇ ನಿಮ್ಮ ಅಧ್ಯಕ್ಷರಿಗೆ ಹೇಳುತ್ತೇನೆ ಅಂದಿದ್ದರು. ಹೇಳಬೇಡಿ ಸಾರ್ ಎಂದು ಇವಳು ಕೈ ಮುಗಿದಿದ್ದಳು. ನೂರು ಕೇಸಿನ ನಡುವೆ ಅವರೂ ಮರೆತರು.

"ಫೋಟೋದ ಗೋಡೆ ಮುಗಿದ್ರೆ ಫೋಟೋದಲ್ಲಿರೋ ಇವನೂ ಹೊರಡ್ಬೇಕಿತ್ತು," ಎಂದು ದಿವಾನದ ಕಡೆ ಗದ್ದ ಎತ್ತಿದಳು. "ಎಲ್ಲಿಗೆ ಹೋಗ್ತಿದ್ದ, ನೀವೇ ಹೇಳಿ."

ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. "ನಾನು ಈ ಗೋಡೆ ಮುಂದೆ ಇಷ್ಟು ವರ್ಷ ಕಳ್ಳನ ಹಾಗೆ ಓಡಾಡ್ದೆ ಕಣೇ. ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?"

"ಯಾರ ಆರ್ಡರೂ ಇಲ್ದೆ ನೀವು ಮಗಳ ಮದುವೆ ಆಗೋವರೆಗೂ ತಡ ಮಾಡಿದ್ರಿ," ಎಂದಳು ಅವಳು. "ನಾನು ಕೋರ್ಟಿನ ಆರ್ಡರ್ ಇಟ್ಕೊಂಡು ತಡ ಮಾಡ್ದೆ. ಯಾರದ್ದು ಜಾಸ್ತಿ ಅಂತ ಲೆಕ್ಕ ಹಾಕೋಣ್ವಾ?"

ಲೆಕ್ಕ ಯಾವ ಕಡೆಯಿಂದ ಹಾಕಿದರೂ ತನ್ನ ತಲೆಗೇ ಬರುತ್ತದೆ ಎಂದು ಮೇಸ್ತ್ರಿಗೆ ಗೊತ್ತಿತ್ತು. ಅಷ್ಟರಲ್ಲಿ ದಿವಾನ ಕಿರುಗುಟ್ಟಿತು. ಭಾವಮೈದುನನಿಗೆ ಈ ವಿಷಯ ಈವರೆಗೆ ಗೊತ್ತಿರಲಿಲ್ಲ. ಅವನು ಎದ್ದು ಕೂತು, ಹಳೇ ಪೇಪರನ್ನು ಜೋಪಾನವಾಗಿ ಮಡಿಸಿ, ದಿವಾನದ ಅಡಿಯಿಂದ ಟ್ರಂಕನ್ನು ಎಳೆದ. ಅವನ ಕಿವಿ ಕೆಂಪಾಗಿತ್ತು.

"ಎರಡು ದಿನ ಅಂತ ಬಂದಿದ್ದೆ, ಭಾವ," ಎಂದ. "ಸ್ವಲ್ಪ ಜಾಸ್ತಿ ಆಯ್ತು."

ಮೇಸ್ತ್ರಿ ಅವನ ಮುಖ ನೋಡಲಾರದೆ ಮೂಲೆಗೆ ಕಣ್ಣು ತಿರುಗಿಸಿದ. ಅಲ್ಲಿ ಮೊಳೆಯ ಮೇಲೆ ಬ್ರಷ್ಷುಗಳು ಸಾಲಾಗಿ ತೂಗುತ್ತಿದ್ದವು. ಹದಿನೈದು ವರ್ಷದ ಹಳೇ ಬ್ರಷ್ಷು ನಿನ್ನೆ ಅಂಗಡಿಯಿಂದ ತಂದಂತಿತ್ತು. ಅವನು ಹೋಗಿ ಅದನ್ನು ತೆಗೆದು, ಅಂಗೈಗೆ ಉಜ್ಜಿ ನೋಡಿದ. ನಾಚಿಕೆಯಾಯಿತು ಅವನಿಗೆ, ನಿಜವಾಗಿಯೂ ನಾಚಿಕೆಯಾಯಿತು.

"ಟ್ರಂಕು ಒಳಗಿಡು," ಎಂದ. "ನೀನು ಹೋದ್ರೆ ಏಣಿ ಹಿಡ್ಕೊಳ್ಳೋರು ಯಾರು?"

ಹಳೆಯ ಡಬ್ಬದಲ್ಲಿದ್ದ ನೀಲಿ ಕಲ್ಲಾಗಿತ್ತು. ಗೋಡೆಯ ಮೇಲಿದ್ದ ನೀಲಿ ಮಾಸಿತ್ತು, ಹೊಸದು ಅದಕ್ಕೆ ಹೊಂದುವಂತಿರಲಿಲ್ಲ. ಹಾಗಾಗಿ ಗೋಡೆಯಿಡೀ ಮೊದಲಿನಿಂದ ಉಜ್ಜಬೇಕಾಯಿತು. ಏಣಿಯನ್ನು ಜರುಗಿಸಿದಾಗ ನೆಲದಲ್ಲಿ ಅದರ ಎರಡು ಕಾಲಿನ ಗುರುತು ಉಳಿದಿತ್ತು. ಹೆಂಡತಿ ಬಕೆಟ್ಟಿನಲ್ಲಿ ನೀಲಿ ಕರಗಿಸಿ ತೋರಿಸಿದಳು, ಮೇಸ್ತ್ರಿ ಬೆರೆಸಿದ, ಭಾವಮೈದುನ ಏಣಿ ಹಿಡಿದ. ಅಕ್ಕಪಕ್ಕದವರು ಸಾಮಾನು ಕಟ್ಟುವುದನ್ನು ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ಮುಂದಿನ ತಿಂಗಳು ನೆಲಸಮವಾಗುವ ಮನೆಗೆ ಪುಟ್ಟಿ ಹಾಕಿ ಬಣ್ಣ ಬಳಿಯುತ್ತಿದ್ದಾನೆ, ಕೇಸಿನ ಜೊತೆ ಇವನ ತಲೆಯೂ ಇತ್ಯರ್ಥವಾಯಿತು ಎಂದರು. ಒಡೆಯುವವರೆಗೂ ಮನೆ ತಾನೆ ಎಂದ ಮೇಸ್ತ್ರಿ, ತಿರುಗಿ ನೋಡದೆ. ಡ್ರಿಲ್ ಮೇಷ್ಟ್ರು ಸೀಟಿ ಇಲ್ಲದ ಕೊರಳಿನಲ್ಲಿ ಬಂದು, ನೆಲಕ್ಕೆ ಹಾಸಿದ ಪೇಪರನ್ನು ಸರಿಪಡಿಸಿ ಹೋದರು. ಅದು ಭಾವಮೈದುನನ ಹಳೇ ಪೇಪರು. ಈಗ ಅದರ ಮೇಲೆ ನೀಲಿ ಹನಿಗಳು ಬಿದ್ದಿದ್ದವು.

ಹೀಗೆ ಮದುವೆಯಾದಾಗ ಕೇಳಿದ ಗೋಡೆ ಅವಳಿಗೆ ಸಿಕ್ಕಿತು. ಒಂದು ತಿಂಗಳು ಅವರು ಮೂವರೂ ಗೋಡೆಗೆ ಮುಖ ಮಾಡಿ ಕೂತು ಊಟ ಮಾಡಿದರು.

ಒಡೆಯುವ ದಿನ ಎಲ್ಲರೂ ಎದುರಿನ ಫುಟ್‌ಪಾತಿನಲ್ಲಿ ಸೇರಿದರು. ಮೇಸ್ತ್ರಿ, ಅವನ ಹೆಂಡತಿ, ಟ್ರಂಕಿನ ಮೇಲೆ ಕೂತ ಭಾವಮೈದುನ. ಆ ಟ್ರಂಕೊಂದನ್ನು ಬಿಟ್ಟು ಮೂವರ ಸಾಮಾನೂ ಬಾಡಿಗೆ ಮನೆಗೆ ಹೋಗಿ ಆಗಿತ್ತು, ದಿವಾನವೂ ಹೋಗಿತ್ತು. ಯಂತ್ರ ಗುರ್ರೆಂದಾಗ ಡ್ರಿಲ್ ಮೇಷ್ಟ್ರು ಜೇಬಿನಿಂದ ಸೀಟಿ ತೆಗೆದು ಒಂದು ಸಲ ಊದಿ, ಜನರ ಕಡೆ ತಿರುಗಿ, "ವಿಶ್ರಾಮ್" ಎಂದರು. ಯಾರೂ ನಗಲಿಲ್ಲ. ಕೆಲವರು ನಿಜವಾಗಿಯೂ ಕಾಲು ಸಡಿಲ ಮಾಡಿ ನಿಂತರು.

ಯಂತ್ರದ ಮೊದಲ ಹೊಡೆತಕ್ಕೆ ಮುಂಭಾಗ ಕುಸಿದು, ಮನೆಗಳ ಒಳಭಾಗವೆಲ್ಲ ಬೀದಿಗೆ ತೆರೆದುಕೊಂಡಿತು. ಹೊಗೆ ಹಿಡಿದ ಅಡುಗೆಮನೆಗಳು, ಕ್ಯಾಲೆಂಡರ್ ತೂಗಿದ ಚೌಕಗಳು, ಬೂಷ್ಟು. ಇವೆಲ್ಲದರ ನಡುವೆ ಮೂರನೇ ಮಹಡಿಯಲ್ಲಿ ಒಂದು ನೀಲಿ ಗೋಡೆ, ಈ ತುದಿಯಿಂದ ಆ ತುದಿಯವರೆಗೆ ಪೂರ್ತಿ. ಯಂತ್ರದವನು ಕೂಡ ಒಂದು ಗಳಿಗೆ ಕೈ ತಡೆದು ನೋಡಿದ. ಮೇಸ್ತ್ರಿಯ ಹೆಂಡತಿ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ತಲೆ ಓರೆ ಮಾಡಿದಳು.

"ಕಿಟಕಿ ಪಕ್ಕ ಒಂದು ಕೋಟ್ ಕಮ್ಮಿ ಆಗಿದೆ," ಎಂದಳು.

ಮೇಸ್ತ್ರಿ ಕಣ್ಣು ಕಿರಿದು ಮಾಡಿ ನೋಡಿದ. ಹೌದು, ಆಗಿತ್ತು. ಅವತ್ತೇ ಅವನಿಗೆ ಗೊತ್ತಿತ್ತು.

"ಮುಂದಿನ ತಿಂಗಳು ಹಚ್ಚಿಬಿಡ್ತೀನಿ," ಎಂದ.

ಮದುವೆಯಾದ ಮೇಲೆ ಆ ಮಾತಿಗೆ ಅವಳು ನಕ್ಕಿದ್ದು ಅದೇ ಮೊದಲು.